ವಿಜ್ಞಾನದ ರಿವಿಷನ್: ಓದುವಾಗ ಎಲ್ಲಾ ಗೊತ್ತು, ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಏನೂ ಬರಲ್ಲ

ಗ್ರಹಣಪ್ರಿಯೆ:

ಪರೀಕ್ಷೆಗೆ ಇನ್ನು ಎರಡು ತಿಂಗಳಿದೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಇವೆ. ಪಾಠಗಳೆಲ್ಲ ಒಂದು ಸುತ್ತು ಮುಗಿದಿವೆ, ಈಗ ಬಾಕಿ ಇರುವುದು ರಿವಿಷನ್ ಒಂದೇ. ನೋಟ್ಸ್ ಹಿಡಿದು ಓದುತ್ತಾ ಹೋದರೆ ಎಲ್ಲಾ ಗೊತ್ತು ಅನಿಸುತ್ತದೆ, ಮುಂದಿನ ಸಾಲು ಏನು ಅಂತ ಕೂಡ ಹೇಳಬಲ್ಲೆ. ಆದರೆ ಟೆಸ್ಟ್ ಬರೆಯಲು ಕೂತಾಗ ಉತ್ತರ ಯಾವ ಪುಟದಲ್ಲಿತ್ತು, ಮೇಲಿತ್ತಾ ಕೆಳಗಿತ್ತಾ, ಅದಕ್ಕೆ ಹಸಿರು ಬಣ್ಣ ಹಚ್ಚಿದ್ದೆನಾ ಹಳದಿ ಹಚ್ಚಿದ್ದೆನಾ, ಇದೆಲ್ಲ ಚೆನ್ನಾಗಿ ನೆನಪಿರುತ್ತದೆ. ಉತ್ತರ ಒಂದು ಬಿಟ್ಟು.

ಲೆಕ್ಕಗಳದ್ದು ಬೇರೆಯೇ ಗೋಳು. ಪಾಠದ ಕೊನೆಯಲ್ಲಿರುವ ಲೆಕ್ಕಗಳನ್ನು ಸಲೀಸಾಗಿ ಬಿಡಿಸುತ್ತೇನೆ. ಅದೇ ತರಹದ ಲೆಕ್ಕ ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಯಾವ ಫಾರ್ಮುಲಾ ಹಾಕಬೇಕು ಅಂತಲೇ ಹೊಳೆಯುವುದಿಲ್ಲ. ಫಾರ್ಮುಲಾ ಯಾರಾದರೂ ಹೇಳಿಬಿಟ್ಟರೆ ಮಿಕ್ಕಿದ್ದು ಮಾಡಬಲ್ಲೆ.

ಹಾಗಾದರೆ ರಿವಿಷನ್ ಅಂದರೆ ಏನು ಮಾಡಬೇಕು? ಇನ್ನೂ ನಾಲ್ಕು ಸಲ ಓದಬೇಕಾ? ಚಿಕ್ಕ ನೋಟ್ಸ್ ಬರೆಯಬೇಕಾ? ದಿನಕ್ಕೊಂದು ವಿಷಯ ಹಿಡಿಯುವುದು ಒಳ್ಳೆಯದಾ, ಮೂರನ್ನೂ ಸ್ವಲ್ಪ ಸ್ವಲ್ಪ ಓದುವುದಾ? "ಏಕಾಗ್ರತೆಯಿಂದ ಓದು" ಅನ್ನುವ ಉತ್ತರ ದಯವಿಟ್ಟು ಬೇಡ, ಅದನ್ನು ಮನೆಯಲ್ಲಿ ದಿನಾ ಕೇಳುತ್ತಿದ್ದೇನೆ.

ಹಳೇಚಾಕ್‌ಪೀಸ್:

ಗುರುತು ಹಿಡಿಯುವುದು ಬೇರೆ, ನೆನಪಿನಿಂದ ಹೊರಗೆ ತೆಗೆಯುವುದು ಬೇರೆ. ನೋಟ್ಸ್ ಓದುವಾಗ ನೀವು ಮಾಡುತ್ತಿರುವುದು ಮೊದಲನೆಯದು. ಪರೀಕ್ಷೆಯಲ್ಲಿ ಕೇಳುವುದು ಎರಡನೆಯದು. ಅಭ್ಯಾಸ ಮಾಡಿದ್ದೊಂದು, ಪರೀಕ್ಷೆ ಇನ್ನೊಂದು, ಅಷ್ಟೇ ನಿಮ್ಮ ತೊಂದರೆ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಕಾಲೇಜು ವಿದ್ಯಾರ್ಥಿಗಳಿಗೆ ವಿಜ್ಞಾನದ ಒಂದು ಚಿಕ್ಕ ಬರಹ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯಲ್ಲೂ ಓದಿದ್ದೇ ಓದಿದ್ದು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿತು, ಉಳಿದ ಮೂರರಲ್ಲಿ ಬರಹವನ್ನು ನೋಡದೆ ನೆನಪಾದದ್ದನ್ನೆಲ್ಲ ಹಾಳೆ ಮೇಲೆ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು, ಅವರಿಗೆ ಶೇಕಡಾ 83, ಬರೆದು ನೋಡಿದವರಿಗೆ 71. ಒಂದು ವಾರ ಬಿಟ್ಟು ನೋಡಿದರೆ ಓದಿದವರಿಗೆ ಉಳಿದಿದ್ದು ಶೇಕಡಾ 40, ಬರೆದು ನೋಡಿದವರಿಗೆ 61. ತಮಾಷೆ ಏನೆಂದರೆ ವಾರದ ನಂತರ ಎಷ್ಟು ನೆನಪಿರುತ್ತದೆ ಅಂತ ಮೊದಲೇ ಕೇಳಿದಾಗ ಹೆಚ್ಚು ಭರವಸೆಯಿಂದ ಹೇಳಿದ್ದು ಬರೀ ಓದಿದವರೇ. "ಎಲ್ಲಾ ಗೊತ್ತು" ಎಂಬ ಅನಿಸಿಕೆಯನ್ನು ನಂಬಬೇಡಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪುರಾವೆ ನನಗೆ ಸಿಕ್ಕಿಲ್ಲ.

ಆದ್ದರಿಂದ ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆದುಕೊಳ್ಳಿ. ಹೃದಯದ ಪಾಠ ಅಂತಿಟ್ಟುಕೊಳ್ಳಿ. ನಾಲ್ಕು ಕೋಣೆ ಬರೆಯಿರಿ. ಈಗ ಕಾಲಿನಿಂದ ವಾಪಸ್ ಬರುವ ಒಂದು ಹನಿ ರಕ್ತವನ್ನು ಪೆನ್ಸಿಲ್‌ನಲ್ಲಿ ನಡೆಸಿಕೊಂಡು ಹೋಗಿ: ಬಲ ಹೃತ್ಕರ್ಣ, ಟ್ರೈಕಸ್ಪಿಡ್ ಕವಾಟ, ಬಲ ಹೃತ್ಕುಕ್ಷಿ, ಪಲ್ಮನರಿ ಆರ್ಟರಿ, ಶ್ವಾಸಕೋಶ, ಪಲ್ಮನರಿ ವೇನ್, ಎಡ ಹೃತ್ಕರ್ಣ, ಮೈಟ್ರಲ್ ಕವಾಟ, ಎಡ ಹೃತ್ಕುಕ್ಷಿ, ಮಹಾಧಮನಿ. ಎಲ್ಲಿ ಪೆನ್ಸಿಲ್ ನಿಂತಿತೋ ಅಲ್ಲಿಂದ ಶುರು ನಿಮ್ಮ ಇವತ್ತಿನ ರಿವಿಷನ್. ಹೆಚ್ಚಿನವರು ಎರಡು ಕಡೆ ಮುಗ್ಗರಿಸುತ್ತಾರೆ. ಚಿತ್ರದಲ್ಲಿ ಹೃದಯದ ಬಲಭಾಗ ನಮ್ಮ ಎಡಗಡೆಗೆ ಬರುತ್ತದೆ ಎಂಬುದು ಮರೆತುಹೋಗುತ್ತದೆ. ಆರ್ಟರಿ ಅಂದಮೇಲೆ ಆಮ್ಲಜನಕ ತುಂಬಿದ ರಕ್ತವೇ ಇರಬೇಕು ಅಂದುಕೊಂಡು ಪಲ್ಮನರಿ ಆರ್ಟರಿಗೂ ಕೆಂಪು ಬಳಿದುಬಿಡುತ್ತಾರೆ. ಪುಸ್ತಕವನ್ನು ಹತ್ತು ಸಲ ಓದಿದರೂ ಈ ತಪ್ಪು ಹೊರಗೆ ಬರುವುದಿಲ್ಲ, ಯಾಕೆಂದರೆ ಪುಸ್ತಕದಲ್ಲಿ ಸರಿಯಾಗಿಯೇ ಇರುತ್ತದಲ್ಲ!

ಬರೆದಾದ ಮೇಲೆ ಪುಸ್ತಕ ತೆಗೆದು ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿ. ಇದನ್ನು ಬಿಟ್ಟರೆ ಪ್ರಯೋಜನವಿಲ್ಲ, ತಪ್ಪೇ ಗಟ್ಟಿಯಾಗಿ ಕೂರುತ್ತದೆ.

ಹೈಲೈಟರ್ ಬಗ್ಗೆ: 2013ರಲ್ಲಿ ಡನ್ಲೋಸ್ಕಿ ಮತ್ತು ಸಂಗಡಿಗರು ಓದುವ ಹತ್ತು ವಿಧಾನಗಳ ಬಗ್ಗೆ ಆವರೆಗೆ ಬಂದ ಸಂಶೋಧನೆಯನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡಿದರು. ಬಣ್ಣ ಹಚ್ಚುವುದು, ಮತ್ತೆ ಮತ್ತೆ ಓದುವುದು ಎರಡೂ ಕೆಳಗಿನ ಸಾಲಿನಲ್ಲಿ ನಿಂತವು. ಮೇಲೆ ನಿಂತದ್ದು ಎರಡೇ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳ ಮೇಲೆ ಹಂಚುವುದು.

ಬೆಂಚಿನ_ಕೊನೆ:

ಹೈಲೈಟರ್ ಬೈದಿದ್ದಕ್ಕೆ ನನ್ನ ಪ್ರತಿಭಟನೆ ದಾಖಲಾಗಲಿ 😀

ಸ್ಪ್ರಿಂಗ್‌ತಕ್ಕಡಿ:

ಲೆಕ್ಕದ ವಿಷಯ ನಾನು ಹೇಳುತ್ತೇನೆ, ಮೇಲಿನವರು ಬಯಾಲಜಿಗೆ ಹೇಳಿದ್ದು ಸರಿ.

ಪಾಠದ ಕೊನೆಯ ಲೆಕ್ಕ ಯಾಕೆ ಸಲೀಸು ಗೊತ್ತಾ? ಯಾವ ಸೂತ್ರ ಅಂತ ಪಾಠದ ಹೆಸರೇ ಹೇಳಿಬಿಟ್ಟಿರುತ್ತದೆ. "ಶಕ್ತಿ ಸಂರಕ್ಷಣೆ" ಅಂತ ದಪ್ಪಕ್ಷರದಲ್ಲಿ ಬರೆದಿದ್ದರ ಕೆಳಗಿನ ಲೆಕ್ಕಕ್ಕೆ ಶಕ್ತಿ ಸಂರಕ್ಷಣೆಯನ್ನಲ್ಲದೆ ಇನ್ನೇನು ಹಾಕುತ್ತೀರಿ? ಕಷ್ಟದ ಕೆಲಸ ಯಾವುದನ್ನು ಹಾಕಬೇಕು ಅಂತ ಆರಿಸುವುದು, ಅದನ್ನು ನೀವು ಒಂದು ಸಲವೂ ಅಭ್ಯಾಸ ಮಾಡಿಲ್ಲ. ಪರೀಕ್ಷೆಯಲ್ಲಿ ಮೊದಲ ಸಲ ಮಾಡುತ್ತಿದ್ದೀರಿ, ಅದೂ ಗಡಿಯಾರ ನೋಡಿಕೊಂಡು.

ಈ ಒಂದು ಲೆಕ್ಕ ನೋಡಿ. 30 ಡಿಗ್ರಿ ಇಳಿಜಾರು, ಉದ್ದ 10 ಮೀಟರ್, ಘರ್ಷಣೆ ಇಲ್ಲ. ಮೇಲಿನಿಂದ ಒಂದು ಮರದ ತುಂಡು ಸುಮ್ನೆ ಬಿಟ್ಟರೆ ಕೆಳಗೆ ಬಂದಾಗ ವೇಗ ಎಷ್ಟು? ಎತ್ತರ 5 ಮೀಟರ್ ಆಯಿತು, ಜಿ (ಗುರುತ್ವದ ವೇಗೋತ್ಕರ್ಷ) 10 ಅಂತ ಹಿಡಿದರೆ 2 ಇಂಟು 10 ಇಂಟು 5ರ ವರ್ಗಮೂಲ, ಸೆಕೆಂಡಿಗೆ 10 ಮೀಟರ್. ಅದೇ ತುಂಡನ್ನು 5 ಮೀಟರ್ ಎತ್ತರದಿಂದ ನೇರವಾಗಿ ಕೆಳಗೆ ಬೀಳಿಸಿ, ವೇಗ ಮತ್ತೆ 10. ಲೋಲಕದ ಗುಂಡು 5 ಮೀಟರ್ ಎತ್ತರದಿಂದ ತೂಗಿ ಬಂದರೂ ತಳದಲ್ಲಿ 10. ಮೂರು ಬೇರೆ ಬೇರೆ ಪಾಠ, ಮೂರು ಬೇರೆ ಚಿತ್ರ, ಒಳಗಿರುವುದು ಒಂದೇ ತತ್ವ.

ಈಗ ಅದೇ ಇಳಿಜಾರು, ಅದೇ ತುಂಡು, ಆದರೆ ಕೇಳಿದ್ದು "ಕೆಳಗೆ ಬರಲು ಎಷ್ಟು ಹೊತ್ತು ಬೇಕು". ಶಕ್ತಿಯ ಸಮೀಕರಣದಲ್ಲಿ ಕಾಲ ಎಂಬುದೇ ಇಲ್ಲ. ಇಲ್ಲಿ ವೇಗೋತ್ಕರ್ಷ ಹಿಡಿಯಬೇಕು, ಜಿ ಸೈನ್ 30, ಅಂದರೆ 5. ಅಲ್ಲಿಂದ 2 ಸೆಕೆಂಡ್. ನೇರವಾಗಿ ಬಿದ್ದಿದ್ದರೆ 1 ಸೆಕೆಂಡ್. ವೇಗ ಒಂದೇ, ಹೊತ್ತು ಬೇರೆ. ಚಿತ್ರ ನೋಡಿ ಸೂತ್ರ ಆರಿಸುವವರು ಇಲ್ಲೇ ಬೀಳುವುದು. ಮಿಶೆಲಿನ್ ಚಿ ಮತ್ತು ಜೊತೆಗಾರರು 1981ರಲ್ಲಿ ಇದನ್ನೇ ತೋರಿಸಿದ್ದು. ಫಿಸಿಕ್ಸ್ ಲೆಕ್ಕಗಳನ್ನು ಗುಂಪು ಮಾಡಿ ಅಂದರೆ ಹೊಸಬರು ಇಳಿಜಾರಿನದ್ದು ಒಂದು ಕಡೆ, ಸ್ಪ್ರಿಂಗ್‌ನದ್ದು ಒಂದು ಕಡೆ ಇಡುತ್ತಾರೆ. ಪಳಗಿದವರು ಯಾವ ನಿಯಮದಿಂದ ಬಿಡಿಸುತ್ತೇವೆ ಅಂತ ನೋಡಿ ಇಡುತ್ತಾರೆ.

ಪರಿಹಾರ ಸರಳ, ಆದರೆ ಮಾಡುವಾಗ ಬೇಜಾರಾಗುತ್ತದೆ. ಬೇರೆ ಬೇರೆ ಪಾಠಗಳ ಲೆಕ್ಕ ಚೀಟಿಯಲ್ಲಿ ಬರೆದು ಕಲಸಿ. ಒಂದೊಂದೇ ಎತ್ತಿ. ಪೂರ್ತಿ ಬಿಡಿಸಲೇಬೇಕೆಂದಿಲ್ಲ, "ಇದಕ್ಕೆ ಯಾವ ನಿಯಮ, ಯಾಕೆ" ಅಂತ ಒಂದು ಸಾಲು ಬರೆದು ಮುಂದಕ್ಕೆ ಹೋಗಿ. ಅರ್ಧ ಗಂಟೆಯಲ್ಲಿ ಹದಿನೈದು ಇಪ್ಪತ್ತು ಲೆಕ್ಕ ಹೀಗೆ ನೋಡಬಹುದು. ಮೂರು ನಾಲ್ಕನ್ನು ಮಾತ್ರ ಕೊನೆತನಕ ಬಿಡಿಸಿ.

ಕಲಸಿ ಮಾಡುವಾಗ ತಪ್ಪು ಜಾಸ್ತಿ ಆಗುತ್ತದೆ, ಹೆದರಬೇಡಿ. ರೋರರ್ ಮತ್ತು ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರದ ಲೆಕ್ಕ ಕೊಟ್ಟು ನೋಡಿದ್ದರು. ಒಂದೇ ಬಗೆಯದನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇಕಡಾ 89 ಸರಿ, ಕಲಸಿ ಮಾಡಿದವರು 60. ವಾರದ ನಂತರದ ಪರೀಕ್ಷೆಯಲ್ಲಿ ಸಾಲಾಗಿ ಮಾಡಿದವರು 20ಕ್ಕೆ ಇಳಿದರು. ಕಲಸಿದವರು 63.

ದಿನಕ್ಕೊಂದು ವಿಷಯವಾ ಮೂರಾ ಅಂತ ಕೇಳಿದ್ದಿರಿ. ಮೂರೂ. ಆದರೆ ಹತ್ತು ನಿಮಿಷಕ್ಕೊಮ್ಮೆ ಪುಸ್ತಕ ಬದಲಿಸುವುದಲ್ಲ, ಒಂದೊಂದಕ್ಕೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕೊಡಿ.

ಬೆಂಚಿನ_ಕೊನೆ:

ಸರಿ, ಈಗ ಗಂಭೀರವಾಗಿ. ಮೇಲಿನ ಇಬ್ಬರೂ ಒಂದು ವಿಷಯ ಹಾರಿಸಿಬಿಟ್ಟಿದ್ದಾರೆ. ಪಾಠವೇ ಅರ್ಥವಾಗದಿದ್ದರೆ ಖಾಲಿ ಹಾಳೆ ಖಾಲಿಯಾಗಿಯೇ ಉಳಿಯುತ್ತದೆ. ಅಂಥ ಕಡೆ ಓದಲೇಬೇಕು, ಯಾರನ್ನಾದರೂ ಕೇಳಲೇಬೇಕು. ನೆನಪು ಕೈಕೊಟ್ಟಿದ್ದಾ ಅಥವಾ ಮೊದಲಿಂದ ಅರ್ಥವೇ ಆಗಿರಲಿಲ್ಲವಾ ಅಂತ ಮೊದಲು ತಿಳಿದುಕೊಳ್ಳಬೇಕು ಅಲ್ವಾ?

ಹೇಗೆ ತಿಳಿಯುವುದು? "ಯಾಕೆ" ಅಂತ ಕೇಳಿಕೊಳ್ಳಿ. ಉದಾಹರಣೆಗೆ ವಿದ್ಯುತ್ ಪಾಠದ ಪವರ್. ಒಂದು ಫಾರ್ಮುಲಾ ಐ ಸ್ಕ್ವೇರ್ ಆರ್, ಇನ್ನೊಂದು ವಿ ಸ್ಕ್ವೇರ್ ಬೈ ಆರ್ (ಐ ಅಂದರೆ ಕರೆಂಟ್, ವಿ ವೋಲ್ಟೇಜ್, ಆರ್ ರೋಧ). ಎರಡೂ ಎಲ್ಲರಿಗೂ ಬಾಯಿಪಾಠ. ಈಗ ಹೇಳಿ, ರೋಧ ಹೆಚ್ಚಾದರೆ ಪವರ್ ಹೆಚ್ಚುತ್ತದಾ ಕಡಿಮೆಯಾಗುತ್ತದಾ? ಮೊದಲನೆಯದು ಹೆಚ್ಚುತ್ತದೆ ಅನ್ನುತ್ತದೆ, ಎರಡನೆಯದು ಕಡಿಮೆ ಅನ್ನುತ್ತದೆ. ಎರಡನ್ನೂ ಎಷ್ಟೋ ಸಲ ಬರೆದವರಿಗೂ ಇದು ಕಣ್ಣಿಗೆ ಬಿದ್ದಿರುವುದಿಲ್ಲ.

ಇದರ ಮೇಲೇ ಬರುವ ಪ್ರಶ್ನೆ: ಒಂದೇ ವೋಲ್ಟೇಜಿಗೆ ಮಾಡಿದ 60 ವ್ಯಾಟ್ ಮತ್ತು 100 ವ್ಯಾಟ್ ತಂತಿ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಜಾಸ್ತಿ ಬೆಳಗುತ್ತದೆ? 100 ಅಂತ ಬರೆದವರು ಫಾರ್ಮುಲಾ ಮರೆತವರಲ್ಲ. ಸರಣಿಯಲ್ಲಿ ಎರಡರಲ್ಲೂ ಹರಿಯುವ ಕರೆಂಟ್ ಒಂದೇ, ಹಾಗಾಗಿ ಹಿಡಿಯಬೇಕಾದ್ದು ಐ ಸ್ಕ್ವೇರ್ ಆರ್. 60 ವ್ಯಾಟ್ ಬಲ್ಬಿನ ರೋಧ ಹೆಚ್ಚು, ಅದೇ ಜಾಸ್ತಿ ಬೆಳಗುತ್ತದೆ. ಸಮಾಂತರದಲ್ಲಿ ಎರಡಕ್ಕೂ ಸಿಗುವ ವೋಲ್ಟೇಜ್ ಒಂದೇ, ಆಗ ವಿ ಸ್ಕ್ವೇರ್ ಬೈ ಆರ್, 100 ವ್ಯಾಟ್‌ನದ್ದು ಜಾಸ್ತಿ. "ಯಾವುದು ಬದಲಾಗದೆ ಉಳಿದಿದೆ" ಎಂಬ ಒಂದು ಪ್ರಶ್ನೆ ಕೇಳಿಕೊಂಡಿದ್ದರೆ ಮುಗಿಯುತ್ತಿತ್ತು. ಇದು ಕಾರ್ಡ್ ಬರೆದು ಗಟ್ಟಿ ಮಾಡುವ ವಿಷಯ ಅಲ್ಲ. ಕೂತು ಯೋಚಿಸಬೇಕಾದ ವಿಷಯ.

ಹಾಗಾಗಿ ನನ್ನ ಪ್ರಕಾರ ಒಬ್ಬ ಗೆಳತಿಗೋ ತಮ್ಮನಿಗೋ ಪಾಠ ಮಾಡಿ. ಅವರು ಮಧ್ಯೆ "ಅದ್ಯಾಕೆ ಹಾಗೆ?" ಅಂತ ಕೇಳಿದಾಗ ನಿಮಗೆ ಸಿಟ್ಟು ಬಂದರೆ, ಆ ಜಾಗ ನಿಮಗೂ ಅರ್ಥವಾಗಿಲ್ಲ ಅಂತಲೇ ಲೆಕ್ಕ.

ಹಳೇಚಾಕ್‌ಪೀಸ್:

ಒಪ್ಪಿದೆ. ಆದರೆ ಅರ್ಥವಾಗಿದೆಯೋ ಇಲ್ಲವೋ ಅಂತ ಗೊತ್ತಾಗುವುದಕ್ಕೂ ಪುಸ್ತಕ ಮುಚ್ಚಲೇಬೇಕಲ್ಲ? ತೆರೆದಿಟ್ಟರೆ ಎಲ್ಲರಿಗೂ ಅರ್ಥವಾದ ಹಾಗೇ ಇರುತ್ತದೆ.

ಗ್ರಹಣಪ್ರಿಯೆ:

ಸರ್ (ಅಥವಾ ಮೇಡಂ), ಎಲ್ಲರಿಗೂ ಥ್ಯಾಂಕ್ಸ್. ಬಲ್ಬಿನದ್ದು ಓದಿ ತಲೆ ತಿರುಗಿತು, ನಾನೂ 100 ಅಂದುಕೊಂಡೆ.

ಆದರೆ ಕೆಮಿಸ್ಟ್ರಿಯಲ್ಲಿ ಎಷ್ಟೋ ಸುಮ್ನೆ ನೆನಪಿಟ್ಟುಕೊಳ್ಳಲೇಬೇಕಾದ್ದು ಇದೆಯಲ್ಲ, ಜ್ವಾಲೆಯ ಬಣ್ಣ, ಸಂಯುಕ್ತಗಳ ಹೆಸರು, ಅಯಾನುಗಳ ವೇಲೆನ್ಸಿ. ಇದಕ್ಕೆ ಏನು ಮಾಡಲಿ? ಇವತ್ತು ಗಟ್ಟಿ ಮಾಡಿದ್ದು ಮುಂದಿನ ವಾರ ಮಾಯ. ಇನ್ನೊಂದು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಈಗಲೇ ಬಿಡಿಸಲಾ, ಕೊನೆಗೆ ಇಡಲಾ?

ಕಾರ್ಡುಕಟ್ಟು:

ನೆನಪಿಡುವ ವಿಷಯಕ್ಕೆ ಕಾರ್ಡುಗಳೇ ಸರಿ. ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಬರಹಗಾರ 1972ರಲ್ಲಿ ಹೇಳಿದ ಡಬ್ಬಿ ವಿಧಾನ ಇದೆ, ಮೂರು ಡಬ್ಬಿ ಇದ್ದರೂ ಸಾಕು. ಹೊಸ ಕಾರ್ಡೆಲ್ಲ ಮೊದಲ ಡಬ್ಬಿಗೆ, ಅದನ್ನು ದಿನಾ ನೋಡಬೇಕು. ಸರಿ ಹೇಳಿದ್ದು ಎರಡನೆಯದಕ್ಕೆ, ಅದನ್ನು ಮೂರು ನಾಲ್ಕು ದಿನಕ್ಕೊಮ್ಮೆ. ಅಲ್ಲೂ ಸರಿಯಾದರೆ ಮೂರನೆಯದಕ್ಕೆ, ಅದು ಹತ್ತು ಹನ್ನೆರಡು ದಿನಕ್ಕೊಮ್ಮೆ. ಎಲ್ಲೇ ತಪ್ಪಿದರೂ ಮೊದಲ ಡಬ್ಬಿಗೆ ವಾಪಸ್. ಹೀಗೆ ಮಾಡಿದರೆ ನಿಮ್ಮ ಹೊತ್ತು ಬರುವ ವಿಷಯಗಳ ಮೇಲೆ ಹಾಳಾಗುವುದಿಲ್ಲ, ಬರದೇ ಇರುವುದಕ್ಕೆ ಹೋಗುತ್ತದೆ. ಮೊಬೈಲಿನಲ್ಲಿ ಆ್ಯಪ್‌ಗಳಿವೆ, ಆದರೆ ಮೊಬೈಲ್ ತೆಗೆದರೆ ಬೇರೆ ಏನೇನೋ ತೆರೆದುಕೊಳ್ಳುತ್ತದೆ ಅನ್ನುವವರಿಗೆ ಕಾಗದವೇ ವಾಸಿ.

ವಾರಕ್ಕೇ ಮಾಯವಾಗುವುದು ನಿಮ್ಮೊಬ್ಬರ ಕಥೆ ಅಲ್ಲ. ಎಬ್ಬಿಂಗ್‌ಹೌಸ್ ಎಂಬಾತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಎಷ್ಟು ಮರೆತೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಹೋಗುತ್ತಿತ್ತು. ಆರು ದಿನಕ್ಕೆ ಉಳಿದದ್ದು ಸುಮಾರು ಕಾಲು ಭಾಗ, ತಿಂಗಳ ನಂತರವೂ ಐದರಲ್ಲೊಂದು ಭಾಗ ಇತ್ತು. ಅಂದರೆ ಬೀಳುವುದೆಲ್ಲ ಮೊದಮೊದಲೇ ಬಿದ್ದುಹೋಗುತ್ತದೆ. ಅವನದ್ದು ಅರ್ಥವಿಲ್ಲದ ಅಕ್ಷರಗಳು, ಅರ್ಥವಿರುವ ಪಾಠ ಇನ್ನೂ ಹೆಚ್ಚು ನಿಲ್ಲುತ್ತದೆ. ಆದರೂ ಇವತ್ತು ಓದಿದ್ದನ್ನು ನಾಳೆ ಒಂದು ಸಲ, ವಾರದಲ್ಲಿ ಒಂದು ಸಲ, ಮತ್ತೆ ಮೂರು ವಾರಕ್ಕೆ ಒಂದು ಸಲ ಪುಸ್ತಕ ನೋಡದೆ ಹೇಳಿ ನೋಡಿದರೆ ಎರಡು ತಿಂಗಳಿಗೆ ಧಾರಾಳ. ಸ್ವಲ್ಪ ಮರೆಯಲು ಶುರುವಾದ ಮೇಲೆ ಕಷ್ಟಪಟ್ಟು ನೆನಪಿಸಿಕೊಂಡರೇ ಅದು ನಿಲ್ಲುವುದು, ಆದ್ದರಿಂದ ಒಂದೇ ದಿನ ಐದು ಸಲ ಹೇಳಿ ಮುಗಿಸಬೇಡಿ.

ಒಂದು ಕಾರ್ಡಿಗೆ ಒಂದೇ ಪ್ರಶ್ನೆ. "ಆಮ್ಲ, ಪ್ರತ್ಯಾಮ್ಲದ ಬಗ್ಗೆ ಬರೆ" ಅಂತ ಬರೆದರೆ ಅದು ಕಾರ್ಡಲ್ಲ, ಅರ್ಧ ಪಾಠ. "ತಾಮ್ರದ ಲವಣ ಜ್ವಾಲೆಗೆ ಕೊಡುವ ಬಣ್ಣ?" ಇದು ಕಾರ್ಡ್. ನೀಲಿ ಹಸಿರು. ಸೋಡಿಯಂ ಹಳದಿ, ಪೊಟ್ಯಾಸಿಯಂ ತಿಳಿ ನೇರಳೆ. ಬರೀ ವ್ಯಾಖ್ಯೆಗಳನ್ನೇ ತುಂಬಿಸಬೇಡಿ, ಕೆಲವು ತಲೆ ಓಡಿಸುವ ಕಾರ್ಡೂ ಇರಲಿ. "ಪಿಎಚ್ 5ರಿಂದ 3ಕ್ಕೆ ಇಳಿದರೆ ಹೈಡ್ರೋಜನ್ ಅಯಾನು ಎಷ್ಟು ಪಟ್ಟು ಹೆಚ್ಚಾಯಿತು?" ಎರಡು ಪಟ್ಟು ಅಂತ ಬಾಯಿಗೆ ಬರುತ್ತದೆ, ಸರಿಯುತ್ತರ ನೂರು ಪಟ್ಟು, ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು.

ಮತ್ತೆ, ಇನ್ನೊಬ್ಬರು ಮಾಡಿದ ರೆಡಿಮೇಡ್ ಕಾರ್ಡುಗಳನ್ನು ತಂದು ಓದುವುದಕ್ಕಿಂತ ನೀವೇ ಪ್ರಶ್ನೆ ಮಾಡಿಕೊಳ್ಳಿ. ಪ್ರಶ್ನೆ ಮಾಡುವಾಗಲೇ ಅರ್ಧ ಕೆಲಸ ಆಗಿರುತ್ತದೆ. ಆದರೆ ಕಾರ್ಡನ್ನು ಚೆಂದ ಮಾಡುವುದರಲ್ಲೇ ಸಂಜೆ ಕಳೆಯಬೇಡಿ, ಗೀಚಿದರೂ ನಡೆಯುತ್ತದೆ.

ಸ್ಪ್ರಿಂಗ್‌ತಕ್ಕಡಿ:

ಪ್ರಶ್ನೆಪತ್ರಿಕೆಯದ್ದು: ಎರಡನ್ನೋ ಮೂರನ್ನೋ ಮುಟ್ಟದೆ ಕೊನೆಯ ಎರಡು ವಾರಕ್ಕೆ ಎತ್ತಿಡಿ. ಉಳಿದವನ್ನು ಈಗಿನಿಂದಲೇ ಬಿಡಿಬಿಡಿಯಾಗಿ ಬಳಸಿ, ನಾನು ಹೇಳಿದ ಚೀಟಿಗಳಿಗೆ ಲೆಕ್ಕ ಬೇಕಲ್ಲ, ಅದು ಅಲ್ಲಿಂದಲೇ ಬರಲಿ. ಎತ್ತಿಟ್ಟಿದ್ದನ್ನು ಬಿಡಿಸುವಾಗ ಪೂರ್ತಿ ಹೊತ್ತು, ಮೊಬೈಲ್ ಬೇರೆ ಕೋಣೆಯಲ್ಲಿ, ಮಧ್ಯೆ ಪುಸ್ತಕ ನೋಡುವ ಹಾಗಿಲ್ಲ.

ಮತ್ತು ತಪ್ಪುಗಳಿಗೆ ಅಂತಲೇ ಒಂದು ಪುಸ್ತಕ ಇಡಿ. ಸರಿಯುತ್ತರ ಬರೆದುಕೊಳ್ಳುವುದಕ್ಕಲ್ಲ, ಯಾಕೆ ತಪ್ಪಿತು ಅಂತ ಬರೆಯುವುದಕ್ಕೆ. ಗಂಟೆಗೆ 72 ಕಿಲೋಮೀಟರ್ ವೇಗದ ಬಂಡಿ ಒಂದೇ ಸಮ ನಿಧಾನವಾಗಿ 4 ಸೆಕೆಂಡಿನಲ್ಲಿ ನಿಂತರೆ ಎಷ್ಟು ದೂರ ಹೋಗುತ್ತದೆ ಅಂತ ಕೇಳಿದರೆ ಎಷ್ಟೋ ಜನ 144 ಅಂತ ಬರೆದು ಬರುತ್ತಾರೆ. 72ನ್ನು ಸೆಕೆಂಡಿಗೆ 20 ಮೀಟರ್ ಅಂತ ಬದಲಿಸಿಯೇ ಇಲ್ಲ. ಸರಿಯುತ್ತರ 40 ಮೀಟರ್. ಪುಸ್ತಕದಲ್ಲಿ "ಉತ್ತರ 40" ಅಂತ ಬರೆದರೆ ಏನೂ ಉಪಯೋಗವಿಲ್ಲ, "ಯೂನಿಟ್ ಬದಲಿಸಿಲ್ಲ" ಅಂತ ಬರೆಯಬೇಕು. ಎರಡು ವಾರ ಬಿಟ್ಟು ತಿರುವಿ ಹಾಕಿದರೆ ಒಂದೋ ಎರಡೋ ಬಗೆಯ ತಪ್ಪು ಮತ್ತೆ ಮತ್ತೆ ಬಂದಿರುವುದು ಕಾಣುತ್ತದೆ. ಕೆಲವರಿಗೆ ಯೂನಿಟ್, ಕೆಲವರಿಗೆ ಮಸೂರದ ಲೆಕ್ಕದಲ್ಲಿ ಪ್ಲಸ್ಸು ಮೈನಸ್ಸು, ಕೆಲವರಿಗೆ ಪ್ರಶ್ನೆಯನ್ನೇ ಪೂರ್ತಿ ಓದದಿರುವುದು.

ಹಳೇಚಾಕ್‌ಪೀಸ್:

(ಮೇಡಂ.)

ಉತ್ತರಸೂಚಿ ಸಿಕ್ಕರೆ ಅದನ್ನು ಪಕ್ಕಕ್ಕಿಟ್ಟು ನೀವೇ ಮಾರ್ಕ್ಸ್ ಹಾಕಿಕೊಳ್ಳಿ, ಕೈ ಬಿಗಿ ಮಾಡಿ. ಮೂರು ಅಂಕದ ಪ್ರಶ್ನೆಗೆ ಒಂದೇ ಅಂಶವನ್ನು ಮೂರು ಸಲ ಬೇರೆ ಮಾತಿನಲ್ಲಿ ಬರೆದಿರುವುದು ಅಲ್ಲಿ ಸಿಕ್ಕಿಬೀಳುತ್ತದೆ. "ಕಾರಣ ಕೊಡಿ" ಅಂದಲ್ಲಿ ವಿವರಣೆ ಬರೆದಿರುವುದೂ ಸಿಕ್ಕಿಬೀಳುತ್ತದೆ. ಎಡ ಹೃತ್ಕುಕ್ಷಿಯ ಗೋಡೆ ಯಾಕೆ ದಪ್ಪ ಅಂದರೆ "ಅದು ಬಲಗಡೆಯದ್ದಕ್ಕಿಂತ ದಪ್ಪವಾಗಿರುತ್ತದೆ" ಅನ್ನುವುದು ಉತ್ತರ ಅಲ್ಲ, ಇಡೀ ದೇಹಕ್ಕೆ ರಕ್ತವನ್ನು ಒತ್ತಡದಿಂದ ತಳ್ಳಬೇಕು ಅನ್ನುವುದು ಉತ್ತರ.

ನಿದ್ದೆ ಬಿಟ್ಟು ಓದಬೇಡಿ. ಓದಿದ್ದು ಗಟ್ಟಿಯಾಗುವ ಕೆಲಸ ನಿದ್ದೆಯಲ್ಲೂ ನಡೆಯುತ್ತದೆ. ರಾತ್ರಿಯಿಡೀ ಕೂತರೆ ಮರುದಿನ ಲೆಕ್ಕದಲ್ಲಿ ಕೂಡುವುದು ಕಳೆಯುವುದೂ ತಪ್ಪುತ್ತದೆ. ಪರೀಕ್ಷೆಯ ಹಿಂದಿನ ದಿನ ಹೊಸ ಪ್ರಶ್ನೆಪತ್ರಿಕೆ ಮುಟ್ಟಬೇಡಿ, ಆ ತಪ್ಪುಗಳ ಪುಸ್ತಕ ಮತ್ತು ಮೊದಲ ಡಬ್ಬಿಯಲ್ಲಿ ಉಳಿದ ಕಾರ್ಡು, ಅಷ್ಟೇ.

ಬೆಂಚಿನ_ಕೊನೆ:

ಮೊದಲ ಡಬ್ಬಿಯಲ್ಲಿ ಇನ್ನೂರು ಕಾರ್ಡ್ ಉಳಿದಿದ್ದರೆ?

ಕಾರ್ಡುಕಟ್ಟು:

ಹಾಗಾಗಬಾರದು ಅಂತಲೇ ದಿನಕ್ಕೆ ಹತ್ತು ಹದಿನೈದಕ್ಕಿಂತ ಹೆಚ್ಚು ಹೊಸ ಕಾರ್ಡ್ ಸೇರಿಸಬಾರದು, ಕೊನೆಯ ವಾರವಂತೂ ಒಂದೂ ಬೇಡ. ಆದರೂ ಉಳಿದಿದ್ದರೆ ಹಳೆಯ ಪತ್ರಿಕೆಗಳಲ್ಲಿ ಪದೇ ಪದೇ ಬಂದ ವಿಷಯದ ಕಾರ್ಡುಗಳನ್ನು ಮೊದಲು ಆರಿಸಿ, ಮಿಕ್ಕಿದ್ದನ್ನು ಬಿಡಿ.